ಸ್ಕಾಟ್ಲಂಡದ ದೇಸಾಯರ ಎಡೆ

ನಮ್ಮ ಸೋದರಮಾವ ಹುಬ್ಬಳ್ಳಿ ದಾಟಿ ಆಚೆ ಹೋದವನಲ್ಲ. ಆದರೆ ಸ್ಕಾಟ್ಲಂಡದಲ್ಲಿ ಅವನಿಗೆ ಒಂದು ತುಂಬಿದ ಮನೆತನವೇ ಇತ್ತು! ಅಡಚಣೆ ಒಂದೇ, ಆ ಮನೆಯ ಯಜಮಾನ ಸತ್ತು ಐನೂರು ವರ್ಷಕ್ಕೂ ಮೇಲಾಗಿತ್ತು.

ಮಾಮ ಹಾವೇರಿಯ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ನಾವು ಬೆಳೆದದ್ದೂ ಅವನ ಮನೆಯಲ್ಲೇ. ರಾಣೆಬೆನ್ನೂರಿನ ರದ್ದಿ ಅಂಗಡಿಯಲ್ಲಿ ಅವನಿಗೊಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅದರೊಳಗಿನ ಸರದಾರನೊಬ್ಬ ಎದ್ದು ಬಂದು ನಮ್ಮ ಪಡಸಾಲೆಯಲ್ಲಿ ಕೂತೇಬಿಟ್ಟ. ಮಾಮ ಅವನನ್ನು ‘ದೇಸಾಯರು’ ಎನ್ನುತ್ತಿದ್ದ, ಅವನ ಕೋಟೆಯನ್ನು ‘ವಾಡೆ’ ಎನ್ನುತ್ತಿದ್ದ. ದೇಸಾಯರ ಎರಡು ಮದುವೆ, ಹೆಣ್ಣುಮಕ್ಕಳನ್ನು ಕೊಟ್ಟ ಮನೆಗಳು, ಪಕ್ಕದ ವಾಡೆಯವರೊಡನೆ ದನದ ಜಗಳ, ಎಲ್ಲ ಬಾಯಿಪಾಠ. ನಮ್ಮ ಹೆಸರು? ನನ್ನನ್ನು ಅಕ್ಕನ ಹೆಸರಿನಿಂದ ಕರೆಯುತ್ತಿದ್ದ, ಅಕ್ಕನನ್ನು ಬೆಕ್ಕಿನ ಹೆಸರಿನಿಂದ!

ಅಣ್ಣನಿಗೆ ಹೆಣ್ಣು ನೋಡಲು ಬ್ಯಾಡಗಿಗೆ ಹೋದಾಗ ಹಿರಿಯನೆಂದು ಮಾಮನನ್ನು ಮುಂದೆ ಕೂಡಿಸಿದೆವು. ಹುಡುಗಿಯ ಅಪ್ಪ ಮೆಣಸಿನಕಾಯಿ ವ್ಯಾಪಾರಿ. “ಮನೆತನದ್ದು ಏನಾರ ಹೇಳ್ರಿ” ಎಂದರು. ಕೇಳಬೇಕೆ!

“ಭಾಳ ದೊಡ್ಡ ಮನೆತನರಿ. ಅಪ್ಪ ಯುದ್ಧದಾಗ ಸತ್ತ. ಅಣ್ಣನ್ನ ಬೀಗರ ಊಟಕ್ಕ ಕರದು ಕೊಂದ್ರು.”

ಹುಡುಗಿಯ ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. “ಮಾತುಕತಿ ಆಮ್ಯಾಲೆ ಆಡೋಣ್ರಿ. ಮದ್ಲ ನಿಮ್ಮ ಮನ್ಯಾಗ ಉಂಡು ಬದುಕಿದವರು ಯಾರರ ಇದ್ರ ಹೇಳ್ರಿ!”

ಅಣ್ಣನ ಮದುವೆ ಮುಂದೆ ರಾಣೆಬೆನ್ನೂರಿನಲ್ಲಿ ಕೂಡಿಬಂತು. ಆ ಮಾತುಕತೆಗೆ ಮಾಮನನ್ನು ಕರೆದೊಯ್ಯಲಿಲ್ಲ ಎಂದು ಬೇರೆ ಹೇಳಬೇಕೆ?

ಆದರೆ ದೇಸಾಯರ ಕಿರಿಮಗನ ಕಥೆಯನ್ನು ಮಾತ್ರ ಮಾಮ ಪೂರ್ತಿ ಹೇಳಿದ್ದೇ ಇಲ್ಲ. ರಾಜನನ್ನು ಇಂಗ್ಲೆಂಡಿನವರು ಸೆರೆಯಲ್ಲಿಟ್ಟಿದ್ದರಂತೆ. ಅವನನ್ನು ಬಿಡಿಸಲು ಸರದಾರರು ತಮ್ಮ ಮಕ್ಕಳನ್ನು ಒತ್ತೆ ಕಳಿಸಬೇಕಾಯಿತಂತೆ. ದೇಸಾಯರ ಹುಡುಗ ಅಲ್ಲೇ ಜ್ವರದಲ್ಲಿ ತೀರಿಕೊಂಡ. ಇಲ್ಲಿಗೆ ಬಂದಾಗ ಮಾಮ ಕನ್ನಡಕ ಒರೆಸುತ್ತ, “ಮುಂದೇನಿಲ್ಲ, ಹೋಗಿ ಓದ್ಕೋರಿ” ಎನ್ನುತ್ತಿದ್ದ. ಮಾಮನ ಒಬ್ಬನೇ ಮಗನೂ ನಾನು ಹುಟ್ಟುವ ಮೊದಲು ಜ್ವರ ಬಂದು ತೀರಿಕೊಂಡಿದ್ದ. ನಾಲ್ಕು ವರ್ಷದ ಕೂಸು. ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಮಹಾನವಮಿ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುವುದು ನಮ್ಮ ಪದ್ಧತಿ. ಸಾಲಿನ ಕೊನೆಗೆ ಮಾಮ ಇನ್ನೊಂದು ಪುಟ್ಟ ಎಲೆ ಹಾಕುತ್ತಿದ್ದ.

“ಇದು ಯಾರದು ಮಾಮಾ?”

“ದೇಸಾಯರದು.”

“ಅಷ್ಟ್ ದೊಡ್ಡ ದೇಸಾಯರಿಗೆ ಇಷ್ಟ್ ಸಣ್ಣ ಎಲಿ?”

“ಬಿಳೇ ಮಂದಿ, ಭಾಳ ಉಣ್ಣಾಂಗಿಲ್ಲ. ಖಾರ ಅಂತೂ ತಡಿಯಾಂಗಿಲ್ಲ.”

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಖಾರವಿಲ್ಲದ ಎಡೆ! ಅಜ್ಜಿ ಗೊಣಗಿ ಸುಮ್ಮನಾಗುತ್ತಿದ್ದಳು. ಅತ್ತೆ ಮಾತ್ರ ನಗದೆ, ತುಪ್ಪ ಬೆಲ್ಲ ಕಲಸಿದ ಅನ್ನವನ್ನು ಆ ಎಲೆಗೆ ಬಡಿಸುತ್ತಿದ್ದಳು.

ಅಜ್ಜಿ ಹೋದಳು, ಕೆಲವು ವರ್ಷಕ್ಕೆ ಮಾಮನೂ ಹೋದ. ಆ ವರ್ಷದ ಅಮಾವಾಸ್ಯೆಗೆ ಅತ್ತೆ ಮಾಮನಿಗೊಂದು ಎಲೆ ಹಾಕಿ, ಅದಕ್ಕೆ ತಾಗಿಸಿ ಆ ಪುಟ್ಟ ಎಲೆಯನ್ನೂ ಹಾಕಿದಳು.

“ಮಾಮಾನ ಇಲ್ಲ, ಇನ್ನ ದೇಸಾಯರಿಗ್ಯಾಕ ಅತ್ತಿ?” ಎಂದೆ.

“ಯಾವ ದೇಸಾಯರು? ಇದು ನನ್ನ ಮಗಂದು” ಎಂದಳು ಅತ್ತೆ. “ಕೂಸು ಹಿರಿಯರಾಗ ಬರೂದಿಲ್ಲ, ಎಡಿ ಇಡೂ ಪದ್ಧತಿ ಇಲ್ಲ ಅಂತ ನಿಮ್ಮ ಅಜ್ಜಿ ಎಲಿ ಹಾಕಾಕ ಬಿಡಲಿಲ್ಲ. ಪದ್ಧತಿ ಮುರಿಯೂ ಧೈರ್ಯ ನಿಮ್ಮ ಮಾಮಾಗ ಇರಲಿಲ್ಲ. ಎಲ್ಲಾರೂ ನಕ್ಕು ಬಿಟ್ಟುಬಿಡೂವಂಥಾ ಹೆಸರು ಹುಡಿಕ್ಕೊಂಡು ಬಂದ್ರು.”

ನನಗೆ ಅಳು ತಡೆಯಲಾಗಲಿಲ್ಲ. ಏನಾದರೂ ಮಾಡಬೇಕೆನ್ನಿಸಿ, ಬದನೆಕಾಯಿ ಪಲ್ಯದ ಸೌಟನ್ನು ಆ ಪುಟ್ಟ ಎಲೆಯತ್ತ ಚಾಚಿದೆ. ಅತ್ತೆ ನನ್ನ ಕೈ ಹಿಡಿದಳು.

“ಬ್ಯಾಡವಾ, ಖಾರ ಐತಿ.”