ಒಂದೇ ಬುಟ್ಟಿಗೆ ಬಿದ್ದ ಲಿಂಬೆಗಳು

ಪ್ರಾಡಕ್ಟ್ ಡಿಸೈನ್ ಕಲಿಸುವವರು ಮೊದಲ ತರಗತಿಯಲ್ಲೇ ಒಂದು ಮಾತು ಹೇಳುತ್ತಾರೆ: ಯಂತ್ರ ಮಾಡುವ ಮೊದಲು ಅದನ್ನು ಬಳಸುವವರ ಮಾತು ಕೇಳಿ. ಬಳಸುವವಳು ಸ್ವಂತ ಅವ್ವನೇ ಆಗಿದ್ದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಮೆಕ್ಯಾನಿಕಲ್ ಓದಲು ಸೇರಿದ ವಾರವೇ ಹಲಸಂಗಿಯ ನಮ್ಮ ಓಣಿಯವರು ಅದೇನೋ ರಿಪೇರಿ ಕೋರ್ಸು ಎಂದು ತಿಳಿದು, ಕೆಟ್ಟ ಮಿಕ್ಸರುಗಳನ್ನೆಲ್ಲ ನಮ್ಮ ಕಟ್ಟೆಗೆ ತಂದಿಟ್ಟರು. ನಾನು ಲೇತ್ ಮೇಲೆ ಕಬ್ಬಿಣ ಕಡೆಯಬಲ್ಲೆ, ಇನ್ನೂ ಹುಟ್ಟದ ಯಂತ್ರವನ್ನು ಕಂಪ್ಯೂಟರಿನಲ್ಲಿ ಗರಗರ ತಿರುಗಿಸಿ ತೋರಿಸಬಲ್ಲೆ. ಆದರೆ ನಾನು ಬಿಚ್ಚಿದ ಮಿಕ್ಸರ್ ಬಿಚ್ಚಿದ ಹಾಗೆಯೇ ಉಳಿಯುತ್ತದೆ. ‘ದಿನಾ ಅಷ್ಟು ದೂರ ಬಸ್ಸಿಗೆ ಹೋಗಿ ಏನ ಕಲಿತಿ?’ ಎಂದು ಅವ್ವ ಕೇಳುವುದು ಇಂಥ ಹೊತ್ತಿನಲ್ಲೇ.

ಅವಳಿಗೆ ಉತ್ತರ ಕೊಡಲೆಂದೇ ಕೊನೆಯ ವರ್ಷದ ಪ್ರಾಜೆಕ್ಟಿಗೆ ಲಿಂಬೆ ವಿಂಗಡಿಸುವ ಯಂತ್ರವನ್ನು ಆರಿಸಿಕೊಂಡೆ. ನಮ್ಮದು ಲಿಂಬೆ ತೋಟ. ಕಾಯಿ ಕಿತ್ತ ದಿನ ಅವ್ವ ನೆರೆಮನೆಯ ಹೆಂಗಸರೊಂದಿಗೆ ಕೂತು ಸಣ್ಣ, ನಡು, ದೊಡ್ಡ ಎಂದು ಬೇರೆ ಮಾಡುತ್ತಾಳೆ. ಎಂಥ ಯಂತ್ರ ಬೇಕು ಎಂದು ಶಾಸ್ತ್ರೋಕ್ತವಾಗಿ ಕೇಳಿದ್ದಕ್ಕೆ, ‘ಸಪ್ಪಳ ಮಾಡಬಾರ್ದು ನೋಡು. ನಮಗ ಮಾತು ಕೇಳಬೇಕು’ ಎಂದಳು. ಅದರಂತೆ ಸಪ್ಪಳವಿಲ್ಲದ ಮೋಟಾರು ಹುಡುಕಿದೆ. ಅದು ತಿರುಗಿಸುವ ಎರಡು ಉದ್ದನೆಯ ಕೊಳವೆಗಳು, ಇಳಿಜಾರಾಗಿ. ಮೇಲೆ ಅವುಗಳ ನಡುವೆ ಸಂದು ಕಡಿಮೆ, ಕೆಳಗೆ ಹೋದಂತೆ ಹೆಚ್ಚು. ಉರುಳುತ್ತ ಬಂದ ಲಿಂಬೆ ತನಗೆ ತಕ್ಕ ಸಂದು ಸಿಕ್ಕಲ್ಲಿ, ಕೆಳಗಿನ ಮೂರು ಬುಟ್ಟಿಗಳಲ್ಲಿ ಒಂದಕ್ಕೆ ಬೀಳಬೇಕು. ಪರೀಕ್ಷಕರ ಮುಂದೆ ಇದು ನಡೆದರೆ ನಾನು ಎಂಜಿನಿಯರು, ಇಲ್ಲವಾದರೆ ಇನ್ನೊಂದು ವರ್ಷ ಅದೇ ಬಸ್ಸು.

ಪರೀಕ್ಷೆಯ ದಿನ ನಮ್ಮ ಓಣಿಯ ದಸ್ತಗೀರ ಕಾಕಾನ ಮೂರು ಗಾಲಿಯ ಟಂಟಂನಲ್ಲಿ ಯಂತ್ರವನ್ನು ವಿಜಯಪುರದ ನನ್ನ ಕಾಲೇಜಿಗೆ ಹೊರಡಿಸಿದೆವು. ಅವ್ವ ಯಂತ್ರಕ್ಕೆ ಕುಂಕುಮ ಹಚ್ಚಿ, ಟಂಟಂ ಮುಂದೆ ಒಂದು ಸಣ್ಣ ಲಿಂಬೆಯನ್ನೂ ಮೆಣಸಿನಕಾಯಿಗಳನ್ನೂ ದಾರಕ್ಕೆ ಪೋಣಿಸಿ ಕಟ್ಟಿದಳು. ಪರೀಕ್ಷೆಗೆಂದು ನಾನು ಎಲ್ಲ ಗಾತ್ರದ ಲಿಂಬೆಗಳನ್ನು ಬೆರೆಸಿಟ್ಟಿದ್ದ ಚೀಲವನ್ನು ತಾನೇ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಅವಳ ಮುಖದಲ್ಲಿ ಏನೋ ಪುಣ್ಯದ ಕೆಲಸ ಮಾಡಿದ ಕಳೆಯಿತ್ತು. ನನಗೆ ಆಗಲೇ ಸಂಶಯ ಬರಬೇಕಿತ್ತು.

ಪರೀಕ್ಷಕರು ಬಂದರು. ನಾನು ಸಂದು, ಇಳಿಜಾರು, ವೇಗ ಎಂದೆಲ್ಲ ವಿವರಿಸಿ, ಠೀವಿಯಿಂದ ಚೀಲ ಸುರಿದೆ. ಲಿಂಬೆಗಳು ಸಾಲಾಗಿ ಉರುಳಿದವು. ಮೊದಲ ಬುಟ್ಟಿ ದಾಟಿದವು, ಎರಡನೆಯದನ್ನೂ ದಾಟಿದವು, ಒಂದೂ ಬಿಡದೆ ಕೊನೆಯ ಬುಟ್ಟಿಗೆ ಬಿದ್ದವು. ಪರೀಕ್ಷಕರು ಬಗ್ಗಿ ಖಾಲಿ ಬುಟ್ಟಿಗಳನ್ನು ನೋಡಿದರು. ‘ಏನವಾ, ಇಷ್ಟ ಮಾಡಾಕ ಒಂದು ಹಲಗಿ ಸಾಕಾಗಿತ್ತಲ್ಲ? ಬ್ಯಾರೆ ಸೈಜಿಂದು ಇದ್ರ ತೊಗೊಂಡ್ ಬಾ. ಅಲ್ಲಿತನ ಇನ್ನೊಬ್ಬರದು ನೋಡ್ತೇನಿ’ ಎಂದರು.

ಹೊರಗೆ ಓಡಿ ಮನೆಗೆ ಫೋನ್ ಮಾಡಿದೆ.

‘ಅವ್ವಾ, ನನ್ನ ಲಿಂಬಿಕಾಯಿ ಏನ ಮಾಡಿದಿ?’

‘ತಗದ ಇಟ್ಟೇನಿ. ಸಣ್ಣದು ದೊಡ್ಡದು ಕಲಸಿ ಸಾಹೇಬರ ಮುಂದ ಒಯ್ತಾರೇನ? ನಾಲ್ಕ ಮಂದ್ಯಾಗ ನಮ್ಮ ಮರ್ಯಾದಿ ಏನಾಗಬೇಕು? ನಸಿಕಿನ್ಯಾಗ ಎದ್ದು ಚಲೋ ಚಲೋವು, ಒಂದ ಸೈಜಿನವು ಆರಿಸಿ ತುಂಬೇನಿ.’

‘ಅಲ್ಲಬೇ, ಆರಸಾಕಂತನ ಮಷೀನ್ ಮಾಡೇನಿ!’

‘ಆರಿಸಿದ್ದು ಕೊಟ್ರ ಅದಕ್ಕೂ ಹಗುರ ಆಕ್ಕೈತಲ್ಲ!’

ಫೋನ್ ಇಟ್ಟೆ. ಕ್ಯಾಂಟೀನಿಗೆ ಓಡಿದೆ, ಅಲ್ಲಿ ಇದ್ದಬದ್ದ ಲಿಂಬೆಯನ್ನೆಲ್ಲ ಶರಬತ್ತಿಗೆ ಹಿಂಡಿಯಾಗಿತ್ತು. ಪೇಟೆ ದೂರ. ಲಿಂಬೆಯ ಸೀಮೆಯಿಂದ ಬಂದವಳು ಒಂದು ಸಣ್ಣ ಲಿಂಬೆಗಾಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದೆ. ಆಗ ಬೇವಿನ ನೆರಳಲ್ಲಿ ನಿಂತಿದ್ದ ಟಂಟಂ ಕಂಡಿತು. ಅದರ ಮುಂದೆ, ಮೆಣಸಿನಕಾಯಿಗಳ ನಡುವೆ, ಅದು ತೂಗುತ್ತಿತ್ತು.

ನಾನು ದಾರಕ್ಕೆ ಕೈ ಹಾಕಿದ್ದೇ ಮಲಗಿದ್ದ ದಸ್ತಗೀರ ಕಾಕಾ ಧಡಕ್ಕನೆ ಎದ್ದ. ‘ಬಿಚ್ಚಬ್ಯಾಡ ಯವ್ವಾ! ನಿಮ್ಮವ್ವ ಕಟ್ಟಿದ್ದದು. ದೃಷ್ಟಿ ಗಿಷ್ಟಿಗೆ ನಾ ಅಂಜಂಗಿಲ್ಲ. ಬರೇ ದಾರ ಕಂಡ್ರ ನಿಮ್ಮವ್ವ ನನ್ನ ಬಿಡ್ತಾಳೇನ?’ ವಾಪಸ್ ಕಟ್ಟುತ್ತೇನೆ ಎಂದು ಆಣೆ ಇಟ್ಟು ಲಿಂಬೆ ಕಿತ್ತುಕೊಂಡು ಓಡಿದೆ.

ಅದನ್ನು ಕೊಳವೆಗಳ ಮೇಲೆ ಬಿಟ್ಟಾಗ ನನ್ನ ಎದೆ ಮೋಟಾರಿಗಿಂತ ಜೋರಾಗಿ ಸಪ್ಪಳ ಮಾಡುತ್ತಿತ್ತು. ಲಿಂಬೆ ಒಂದಿಷ್ಟು ಉರುಳಿತು, ಅನುಮಾನಿಸಿತು, ಟಪಕ್ಕನೆ ಮೊದಲ ಬುಟ್ಟಿಗೆ ಬಿತ್ತು. ಪರೀಕ್ಷಕರು ಅದನ್ನು ಎತ್ತಿ ನೋಡಿದರು. ನಟ್ಟ ನಡುವೆ ತೂತು. ‘ಇದು ಎಲ್ಲಿಂದು?’ ಎಂದರು. ಹೇಳಿದೆ. ಅವರು ನಕ್ಕ ನಗೆಗೆ ಪಕ್ಕದ ಲ್ಯಾಬಿನವರೆಲ್ಲ ಬಂದು ಇಣುಕಿದರು. ನಡುವಿನ ಬುಟ್ಟಿ ಖಾಲಿಯೇ ಉಳಿದರೂ ನಾನು ಪಾಸಾದೆ. ಅಷ್ಟು ಖುಷಿಯಲ್ಲಿ ಅವ್ವನ ಲಿಂಬೆಗಳನ್ನು ಎಲ್ಲರಿಗೂ ಕೈತುಂಬ ಹಂಚಿಬಿಟ್ಟೆ. ತೂತಿನ ಲಿಂಬೆಯೂ ಯಾರದೋ ಜೇಬು ಸೇರಿತ್ತು.

ಲಿಂಬೆಯಿಲ್ಲದೆ ಊರಿಗೆ ಬರುವುದಿಲ್ಲ ಎಂದು ದಸ್ತಗೀರ ಕಾಕಾ ಹಟ ಹಿಡಿದ. ನಮ್ಮ ಮನೆತನದಲ್ಲಿ ಲಿಂಬೆಹಣ್ಣನ್ನು ಕೊಂಡವರು ಯಾರೂ ಇಲ್ಲ. ಕೊಳ್ಳುವುದೆಂದರೆ ಮಾನ ಹೋದ ಹಾಗೆ. ವಿಜಯಪುರದ ಪೇಟೆಯಲ್ಲಿ ಓಢಣಿಯನ್ನು ಮೂಗಿನವರೆಗೆ ಎಳೆದುಕೊಂಡು, ಚೀಲದಿಂದ ಲ್ಯಾಬಿನಲ್ಲಿ ಅಳತೆಗೆ ಬಳಸುವ ವರ್ನಿಯರ್ ತೆಗೆದು, ಕಳೆದುಹೋದದ್ದರ ಅಳತೆಗೆ ಸರಿಹೊಂದುವ ಲಿಂಬೆ ಹುಡುಕಿದೆ. ‘ಅಕ್ಕಾರ, ಲಿಂಬಿ ತೊಗೊಳಾಕತ್ತೀರೋ ಬಂಗಾರ ತೊಗೊಳಾಕತ್ತೀರೋ?’ ಎಂದು ಮಾರುವವಳು ಕೇಳಿದಳು.

ಟಂಟಂ ಮನೆ ಮುಂದೆ ನಿಂತಾಗ ಸುದ್ದಿ ಕೇಳಿದ ಅವ್ವ ನನ್ನನ್ನು ತಬ್ಬಿಕೊಳ್ಳುವ ಮೊದಲು ನೆಟ್ಟಗೆ ಟಂಟಂ ಮುಂದೆ ಹೋದಳು. ತೂಗುವ ಲಿಂಬೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ‘ನೋಡಿದ್ಯಾ? ನಮ್ಮ ತ್ವಾಟದ ಕಾಯಿ ಅಂತನ ಕಾಯ್ತು. ಪ್ಯಾಟ್ಯಾಗಿಂದು ಕಟ್ಟಿದ್ರ ನೀ ಪಾಸಾಗ್ತಿದ್ದಿಲ್ಲ’ ಎಂದಳು. ದಸ್ತಗೀರ ಕಾಕಾನಿಗೆ ಆಗಲೇ ಕೆಮ್ಮು ಬಂತು. ಬಳಸುವವರ ಮಾತು ಕೇಳಬೇಕು ಎಂದು ಓದಿ ಪಾಸಾದವಳು ನಾನು. ಕೇಳಿಕೊಂಡು, ತೆಪ್ಪಗೆ ‘ಹೌದಬೇ’ ಎಂದೆ.