ಎಡತೋಳಿನ ಸಕ್ಕರೆ ಸಾಹೇಬರಿಗೆ

ಮಾನ್ಯರೇ,

ನನ್ನ ಎಡತೋಳಿನ ಹಿಂಬದಿಯಲ್ಲಿ ಕೋಟಿನ ಗುಂಡಿಯಷ್ಟು ಜಾಗದಲ್ಲಿ ಬಿಡಾರ ಹೂಡಿ, ಚರ್ಮದೊಳಕ್ಕೆ ಕೂದಲೆಳೆಯಂಥ ಮೂಗು ತೂರಿಸಿ, ನಾನು ಉಂಡದ್ದು, ಕುಡಿದದ್ದು, ಕದ್ದು ನೆಕ್ಕಿದ್ದು ಎಲ್ಲವನ್ನೂ ಗಳಿಗೆಗೊಮ್ಮೆ ಫೋನಿಗೆ ಊದುತ್ತಿರುವ ತಮಗೆ, ಸದರಿ ತೋಳಿನ ಒಡತಿಯ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಇತ್ತ ನಾನು ಕ್ಷೇಮವೋ ಅಲ್ಲವೋ ಎಂಬುದನ್ನು ತಾವೇ ತಿಳಿಸಬೇಕಾಗಿ ವಿನಂತಿ, ಏಕೆಂದರೆ ಆ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ.

ತಮ್ಮ ಉಪಕಾರವನ್ನು ನಾನು ಮರೆತವಳಲ್ಲ. ಬೇಕರಿಯಲ್ಲಿ ಕೇಕುಗಳ ಮೇಲೆ ಕ್ರೀಮು ಹಿಂಡಿ ಎರಡು ಸಾಲಿನ ಪ್ರಾಸ ಬರೆಯುವುದು ನನ್ನ ಕಸುಬು. ಪದವಿಗೆ ಛಂದಸ್ಸು ಓದಿದ್ದರ ಫಲ ಇಷ್ಟು ಸಿಹಿಯಾಗಿರುತ್ತದೆಂದು ಗುರುಗಳು ಹೇಳಿರಲಿಲ್ಲ. ಇನ್ಸುಲಿನ್ ಚುಚ್ಚಿಕೊಂಡು ಊಟ ಮರೆತ ಒಂದು ದಿನ, ನಿವೃತ್ತರೊಬ್ಬರಿಗೆ ಶುಭಾಶಯ ಬರೆಯುತ್ತ ಬರೆಯುತ್ತ ನಾನೇ ನಿವೃತ್ತಳಾಗುವ ಹಾಗೆ ಕೇಕಿನ ಮೇಲೆ ಕುಸಿದೆ. ಡಾಕ್ಟರು ರಕ್ತದ ಸಕ್ಕರೆ ಅಳೆಯುವ ಸೆನ್ಸರ್ ಹುದ್ದೆಗೆ ತಮ್ಮನ್ನು ನೇಮಿಸಿದ್ದು ಆಮೇಲೆ. ಬೆರಳು ಚುಚ್ಚಿ ಚುಚ್ಚಿ ಜರಡಿಯಾಗಿದ್ದ ನನ್ನ ಕೈಗೆ ಬಿಡುವು ಕೊಟ್ಟವರು ತಾವು, ಸಕ್ಕರೆ ಇಳಿಯುವ ಮುಂಚೆಯೇ ಕೂಗುವವರೂ ತಾವು. ಇಷ್ಟೆಲ್ಲ ಒಳ್ಳೆಯವರ ಮೇಲೆ ದೂರು ಕೊಡುವುದು ಎಷ್ಟು ಕಷ್ಟವೆಂದು ದೂರು ಕೊಡುತ್ತಿರುವವಳಿಗೇ ಗೊತ್ತು.

ನನ್ನ ಯಜಮಾನರು ಲಿಫ್ಟ್ ರಿಪೇರಿಯವರು. ಮೇಲಕ್ಕೆ ಬಾಣ, ಕೆಳಕ್ಕೆ ಬಾಣ ನೋಡುತ್ತಲೇ ತಲೆ ನರೆತವರ ಫೋನಿನಲ್ಲಿ ತಾವು ಸಕ್ಕರೆಯ ಏರಿಳಿತಕ್ಕೂ ಅದೇ ಬಾಣಗಳನ್ನು ತೋರಿಸಿದರೆ ಅವರಾದರೂ ಏನು ಮಾಡಿಯಾರು? ಮೊದಲೆಲ್ಲ ಸಂಜೆ ಬಂದು ಬೂಟು ಬಿಚ್ಚುತ್ತ "ಹೇಗಿದ್ದೀಯೇ?" ಎನ್ನುತ್ತಿದ್ದರು, ನಾನು "ಎದ್ದಿದ್ದೀನಿ, ಬಿದ್ದಿಲ್ಲ" ಎನ್ನುತ್ತಿದ್ದೆ, ನಮ್ಮ ದಾಂಪತ್ಯದ ಕಾವ್ಯವೆಲ್ಲ ಅಷ್ಟೇ. ಈಗ ಬೂಟು ಬಿಚ್ಚುವ ಮೊದಲೇ ಫೋನು ನೋಡಿ, "ನೂರಾ ನಲವತ್ತು, ಬಾಣ ಅಡ್ಡ. ಚೆನ್ನಾಗಿದ್ದೀಯ ಬಿಡು" ಎಂದು ನನಗೇ ತಿಳಿಸುತ್ತಾರೆ. ತಲೆ ಸಿಡೀತಿದೆ ಕಣ್ರೀ ಎಂದರೆ, "ಇಲ್ಲೇನೂ ಹಾಗೆ ತೋರಿಸ್ತಿಲ್ವಲ್ಲ" ಎಂದು ಪರದೆ ಒರೆಸುತ್ತಾರೆ. ತಾವು ದೊಡ್ಡ ಮನಸ್ಸು ಮಾಡಿ ಅತ್ತೆಯ ಫೋನಿಗೂ ಸುದ್ದಿ ಕಳಿಸುವುದರಿಂದ, ಪಕ್ಕದ ಕೋಣೆಯಿಂದ "ಗೆರೆ ಗುಡ್ಡ ಹತ್ತಿತಲ್ಲಮ್ಮ, ಏನ್ ಬಾಯಿಗೆ ಹಾಕ್ಕೊಂಡೆ?" ಎಂಬ ಕ್ಷೇಮಸಮಾಚಾರವೂ ತಪ್ಪುವುದಿಲ್ಲ. ಆ ಮಾತು ಕೇಳಿಯೇ ಏರುವ ಸಕ್ಕರೆಯನ್ನೂ ತಾವು ನನ್ನ ನಾಲಿಗೆಯ ಖಾತೆಗೇ ಬರೆಯುತ್ತೀರಿ.

ಹೋದ ವಾರದ ಸಂಗತಿಗೆ ಬರುತ್ತೇನೆ. ಮಧ್ಯಾಹ್ನ ಉಗ್ರಾಣದಲ್ಲಿ ಮೈದಾ ಮೂಟೆಗೆ ಎಡತೋಳು ಒತ್ತಿ ಒರಗಿದ್ದೆ, ಕಣ್ಣು ಹತ್ತಿತು. ನನ್ನ ಭಾರಕ್ಕೆ ತಮ್ಮ ಉಸಿರು ಕಟ್ಟಿತೋ ಏನೋ, ನನ್ನ ಸಕ್ಕರೆ ಪಾತಾಳ ಕಂಡಿತೆಂದು ಊರಿಗೆಲ್ಲ ಡಂಗುರ ಹೊಡೆದಿರಿ. ಒಲೆ ನೋಡಿಕೊಳ್ಳುವ ಬ್ರೆಡ್ಡಣ್ಣ ಓಡಿಬಂದವನೇ, ಮದುವೆಯ ಕೇಕಿನ ನಡುವಿದ್ದ ಮುಷ್ಟಿಗಾತ್ರದ ಸಕ್ಕರೆ ಗುಲಾಬಿಯನ್ನು ಕಿತ್ತು, "ನುಂಗು ತಾಯಿ, ಮಾತು ಆಮೇಲೆ!" ಎಂದು ನನ್ನ ಬಾಯಿಗೆ ತುರುಕಿದ. ನನಗೇನೂ ಆಗಿಲ್ಲವೆಂದು ಹೇಳಲು ಬೇಕಾಗಿದ್ದ ಬಾಯಿ ಅದೊಂದೇ. ಕೊನೆಗೆ ಬೆರಳು ಚುಚ್ಚಿ ನೋಡಿದಾಗ ಪಾತಾಳವೂ ಇಲ್ಲ, ರಸಾತಳವೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಗುಲಾಬಿಯ ಪ್ರತಾಪದಿಂದ ತಾವು ಆಕಾಶ ತೋರಿಸಿ ಮತ್ತೊಮ್ಮೆ ಕೂಗಿದಿರಿ, ಅತ್ತೆ ಫೋನು ಮಾಡಿದರು. ಬೋಳಾದ ಕೇಕಿನ ಮಾನ ಮುಚ್ಚಲು ನಾನು ಬರೆದದ್ದು:

ಇಲ್ಲಿದ್ದ ಗುಲಾಬಿ ಎಲ್ಲೆಂದು ಕೇಳಬೇಡಿ,
ಮದುಮಗಳ ಕೆನ್ನೆಗೇರಿದೆ, ಅಲ್ಲೇ ನೋಡಿ.

ಆದರೆ ಈ ಗದ್ದಲದಲ್ಲಿ ಇನ್ನೊಂದು ನಡೆಯಿತು. ಹತ್ತಿರದ ಕಟ್ಟಡದಲ್ಲಿ ಲಿಫ್ಟು ಬಿಚ್ಚುತ್ತಿದ್ದ ಯಜಮಾನರು ಅದನ್ನು ಅರ್ಧಕ್ಕೇ ಬಿಟ್ಟು ಓಡಿಬಂದರು. ಜೇಬಿನಿಂದ ಫೋನು ತೆಗೆಯಲಿಲ್ಲ. ಗ್ರೀಸು ಮೆತ್ತಿದ ಕೈಯಲ್ಲಿ ನನ್ನ ಗಲ್ಲ ಹಿಡಿದು, "ಏನೇ, ಹೇಗಿದ್ದೀಯೇ?" ಎಂದರು. ತಾವು ಬಂದಮೇಲೆ ಮೊದಲ ಸಲ. ನನ್ನ ಬಾಯಿ ತುಂಬ ಗುಲಾಬಿ.

ಆಗಾಗ ಹೀಗೆ ತಪ್ಪು ಮಾಡುತ್ತಿರಿ ಎಂದು ಬೇಡಿಕೊಳ್ಳೋಣವೆಂದಿದ್ದೆ. ಬೇಡ, ತೋಳ ಬಂತು ತೋಳ ಎಂದು ಕೂಗಿದವನ ಕಥೆ ತಮಗೂ ಗೊತ್ತು, ನಿಜವಾಗಿ ಬೀಳುವ ದಿನ ಯಾರೂ ಬರದಿದ್ದರೆ ಕಷ್ಟ. ಆದ್ದರಿಂದ ಬಾಣದ ಕೆಳಗೆ ಒಂದೇ ಒಂದು ಸಾಲು ಸೇರಿಸುವ ಕೃಪೆಯಾಗಲಿ: "ಉಳಿದದ್ದನ್ನು ಅವಳನ್ನೇ ಕೇಳಿ."

ತಾವು ನಂಬದಿದ್ದರೂ ತಮ್ಮ ವಿಶ್ವಾಸಿ,
ತೋಳಿನ ಒಡತಿ

ವಿ.ಸೂ.: ತಮ್ಮ ಅಧಿಕಾರಾವಧಿ ನಾಡಿದ್ದು ಮುಗಿಯುತ್ತದೆ, ಉತ್ತರಾಧಿಕಾರಿಗಳು ಡಬ್ಬಿಯಲ್ಲಿ ಕಾದಿದ್ದಾರೆ. ಆದರೆ ಹೊಸಬರು ಕಣ್ಣು ಬಿಡಲು ಒಂದು ತಾಸು ಬೇಕಂತೆ, ಅಲ್ಲಿಯವರೆಗೆ ಪರದೆ ಖಾಲಿಯಂತೆ. ಆ ಒಂದು ತಾಸು ನಾನು ಹೇಗಿದ್ದೇನೆಂದು ತಿಳಿಯಲು ಮನೆಯಲ್ಲಿರುವ ಏಕೈಕ ಉಪಕರಣ ನಾನೇ. ಯಜಮಾನರು ಈಗಲೇ ಗಾಬರಿಯಾಗಿದ್ದಾರೆ.