ಸವಣೂರಿನಿಂದ ಬಂದ ಖಾರಾ ಡಬ್ಬಿ

ಎಲ್ಲಾ ಅನಾಹುತಕ್ಕೂ ಕಾರಣ ಸವಣೂರಿನ ಬಸ್ಸು. ಎಂದೂ ಹೊತ್ತಿಗೆ ಸರಿಯಾಗಿ ಬಾರದ ಆ ಬಸ್ಸು ಅವತ್ತು ಹತ್ತು ನಿಮಿಷ ಮೊದಲೇ ಬಂದು ಶಿಗ್ಗಾಂವಿಯಲ್ಲಿ ನಿಂತುಬಿಟ್ಟಿತು.

ಅದರಲ್ಲಿ ಬಸವೇಶನ ಖಾರಾ ಡಬ್ಬಿ ಬರುವುದಿತ್ತು. ಹೆಸರಿಗೆ ಖಾರಾ, ಮೇಲೆ ಎರಡು ಹಿಡಿ ಕುರುಕಲು ಖಾರಾ, ಕೆಳಗೆ ಅವನ ಒಂದು ತಿಂಗಳ ಗುಳಿಗೆ. ಬಸವೇಶ ಅದೇ ಊರಲ್ಲಿ ಒಂದು ಟ್ರಸ್ಟಿನವರು ತೆರೆದ ಮನಸ್ಸಿನ ಆರೋಗ್ಯ ಕೇಂದ್ರದಲ್ಲಿ ಆಪ್ತಸಲಹೆಗಾರ. ನೊಂದು ಬಂದವರ ಮಾತು ಕೇಳಿ ಧೈರ್ಯ ತುಂಬುವುದು ಅವನ ಕೆಲಸ. ಆದರೆ ಅವನಿಗೇ ನಾಲ್ಕು ವರ್ಷದಿಂದ ಖಿನ್ನತೆ. ಕಾರಣವಿಲ್ಲದೆ ಮನಸ್ಸು ಕುಸಿದು ಕೂತುಬಿಡುತ್ತಿತ್ತು. ಉಂಡರೆ ರುಚಿಯಿಲ್ಲ, ಮಲಗಿದರೆ ನಿದ್ದೆಯಿಲ್ಲ. ಸವಣೂರಿನ ವೈದ್ಯರೊಬ್ಬರ ಗುಳಿಗೆ ಹಿಡಿದ ಮೇಲೆ ಚೇತರಿಸಿಕೊಂಡ, ಆಮೇಲೆಯೇ ಈ ವಿದ್ಯೆ ಕಲಿತ.

ಇದು ಊರಿಗೆ ಗೊತ್ತಾದರೆ ತನ್ನ ಬಳಿ ಯಾರೂ ಸುಳಿಯುವುದಿಲ್ಲವೆಂದು ಅವನ ಭಯ. ತಲೆನೋವಿನ ಮುಲಾಮು ಕೊಂಡರೂ ಸಂಜೆಯೊಳಗೆ ನಾಲ್ಕು ಮಂದಿ ಬಂದು ಹಣೆ ಮುಟ್ಟಿ ನೋಡುವ ಊರು ಅದು. ಅದಕ್ಕೇ ಸವಣೂರಿನ ಔಷಧದಂಗಡಿಯ ನಬೀಸಾಬರೊಡನೆ ಈ ಏರ್ಪಾಡು. ನಮ್ಮ ಕಡೆ ಬಸ್ಸಿನವರ ಕೈಗಿಟ್ಟರೆ ಬುತ್ತಿಯಿಂದ ಹಿಡಿದು ಟ್ರ್ಯಾಕ್ಟರಿನ ಬೇರಿಂಗಿನವರೆಗೆ ಎಲ್ಲವೂ ಸರಿಯಾಗಿ ತಲುಪುತ್ತದೆ. ಖಾರಾ ಡಬ್ಬಿಯನ್ನೂ ಯಾರೂ ಬಿಚ್ಚಿ ನೋಡುವುದಿಲ್ಲ ಎಂದು ನಂಬಿದ್ದು ಮಾತ್ರ ಓದಿದವರಷ್ಟೇ ಮಾಡುವ ತಪ್ಪು.

ಅವತ್ತು ತಿಂಗಳ ಕೊನೆಯ ದಿನ ಬೇರೆ. ಕೇಂದ್ರ ತೆರೆದು ಮೂರು ತಿಂಗಳಲ್ಲಿ ಬಂದವರು ಆರು ಜನ. ಅವರಲ್ಲಿ ಒಬ್ಬಾತ ಬಂದದ್ದು ಮೊಬೈಲು ಚಾರ್ಜ್ ಮಾಡಿಕೊಳ್ಳಲು. ಸಂಜೆ ಮೇಲ್ವಿಚಾರಕಿ ನಾಗರತ್ನಾ ಮೇಡಂ ಬರುವವರಿದ್ದರು. ದಾಖಲೆ ಪುಸ್ತಕದಲ್ಲಿ ಹತ್ತು ಹೆಸರಾದರೂ ಇಲ್ಲದಿದ್ದರೆ ಕೇಂದ್ರಕ್ಕೆ ಬೀಗ, ಬಸವೇಶ ಮನೆಗೆ.

ಬಸವೇಶ ಕಾಣದ್ದರಿಂದ ಕಂಡಕ್ಟರು ಡಬ್ಬಿಯನ್ನು ಚಹಾದಂಗಡಿಯ ಫಕ್ಕೀರವ್ವನಿಗೆ ಕೊಟ್ಟು ಹೊರಟುಹೋಗಿದ್ದ. ಇವನು ಏದುಸಿರು ಬಿಡುತ್ತ ಬಂದಾಗ ತಟ್ಟೆಯಲ್ಲಿ ಖಾರಾದ ಪುಡಿಯಷ್ಟೇ ಉಳಿದಿತ್ತು. ಡಬ್ಬಿಯ ತಳದಲ್ಲಿದ್ದ ಔಷಧದ ಚೀಟಿಯನ್ನು ಅವನ ಪಕ್ಕದ ಮನೆಯ ಟೇಲರ್ ಶಿದ್ಲಿಂಗಪ್ಪ ಓದಿದ್ದ. ಶಿದ್ಲಿಂಗಪ್ಪನ ಭಾವನೂ ಅದೇ ಗುಳಿಗೆ ನುಂಗುತ್ತಿದ್ದರಿಂದ, ಅದು ಯಾತಕ್ಕೆಂದು ಬಿಡಿಸಿ ಹೇಳಿ, ಬಸವೇಶನಿಗೆ ಕೊಟ್ಟುಬರುತ್ತೇನೆಂದು ಗುಳಿಗೆ ಒಯ್ದಿದ್ದ.

“ಚಿಂತಿ ಮಾಡಬ್ಯಾಡೋ ತಮ್ಮಾ,” ಎಂದಳು ಫಕ್ಕೀರವ್ವ. “ನಾ ಯಾರಿಗೂ ಹೇಳಂಗಿಲ್ಲ. ಇಲ್ಲಿ ಕುಂತಾವ್ರಿಗೆ ಅಷ್ಟ ಗೊತ್ತೈತಿ.”

ಅಲ್ಲಿ ಕೂತವರು ಹನ್ನೊಂದು ಮಂದಿ. ಹನ್ನೊಂದೂ ಮಂದಿ ಅವನನ್ನು ಜ್ವರ ಬಂದ ಮಗುವನ್ನು ನೋಡುವಂತೆ ನೋಡಿದರು.

ಬಸವೇಶ ಟೇಲರನ ಅಂಗಡಿಗೆ ಓಡಿದ, ಬಾಗಿಲು ಹಾಕಿತ್ತು. ದಾರಿಯಲ್ಲಿ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದು, ನಿದ್ದೆ ಬರುತ್ತದೆಯೇ ಎಂದು ವಿಚಾರಿಸಿದ. ಮೊಸರು ಮಾರುವವಳು ಹುಲಗೂರಿನ ದರ್ಗಾಕ್ಕೆ ಒಮ್ಮೆ ಹೋಗಿ ಬಾ ಎಂದಳು. ಅವಮಾನದಿಂದ ಅವನ ಕಿವಿ ಕಾದುಹೋಗಿದ್ದವು. ಕೆಲಸ ಹೋಯಿತೆಂದೇ ಕೇಂದ್ರದ ಕಡೆ ಕಾಲೆಳೆದುಕೊಂಡು ನಡೆದ.

ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಬೈಯಲು ಬಂದಿದ್ದಾರೆ ಎಂದುಕೊಂಡೇ ಒಳಗೆ ಕಾಲಿಟ್ಟ. ಬಂದವರೆಲ್ಲ ಹೊರಕೋಣೆಯಲ್ಲಿ ಕಾಯುತ್ತಿದ್ದರು, ಒಳಕೋಣೆಯಲ್ಲಿ ಬಸವೇಶನ ಕುರ್ಚಿಯಲ್ಲಿ ಶಿದ್ಲಿಂಗಪ್ಪ ಕೂತಿದ್ದ. ಗುಳಿಗೆಯನ್ನು ಅವನ ಕೈಗಿಟ್ಟು, ಎದುರಿನ ಕುರ್ಚಿ ತೋರಿಸಿ, ಕೂತುಕೊಳ್ಳಲು ಹೇಳಿದ. ಧೈರ್ಯಗೆಡಬಾರದೆಂದೂ ಊರೇ ಬೆನ್ನಿಗಿದೆಯೆಂದೂ ಎರಡು ನಿಮಿಷ ಸಮಾಧಾನ ಮಾಡಿದ. ಆಮೇಲೆ ಕೊರಳಲ್ಲಿದ್ದ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟ.

“ನಮ್ಮಾಕಿ ತೀರಿಹೋಗಿ ವರ್ಷಾತ್ರಿ,” ಎಂದ, ಮೇಜು ನೋಡುತ್ತ. “ನಿದ್ದೀನ ಇಲ್ಲ. ಕತ್ರಿ ಹಿಡದ್ರ ಅಳತೀನ ನೆನಪಿರಂಗಿಲ್ಲ. ಯಾರ ಮುಂದೂ ಹೇಳಿಲ್ಲ.”

ಬಸವೇಶ ತನ್ನ ಭಯ ಮರೆತ. ಕುರ್ಚಿ ಮುಂದೆ ಎಳೆದುಕೊಂಡು ಅರ್ಧ ಗಂಟೆ ಕೇಳಿದ. ಇಷ್ಟು ದಿನ ಪಕ್ಕದ ಮನೆಯಲ್ಲೇ ಇದ್ದು ಯಾಕೆ ಬರಲಿಲ್ಲವೆಂದು ಕೊನೆಗೆ ಕೇಳಿದ.

“ನೀವು ಯಾವಾಗ್ಲೂ ನಕ್ಕೋತ ಇರ್ತಿದ್ರಿ. ಇವ್ರಿಗೆ ನಮ್ ಸಂಕಟ ಏನ್ ತಿಳಿತೈತಿ ಅಂತ ಸುಮ್ನಿದ್ದೆ.”

ಸಂಜೆಯವರೆಗೆ ಇದೇ ನಡೆಯಿತು. ಬಂದವರೆಲ್ಲ ಬಸವೇಶನಿಗೆ ಬುದ್ಧಿ ಹೇಳಲು ಬಂದವರು. ಎಲ್ಲರೂ ಅವನ ಕುರ್ಚಿಯಲ್ಲೇ ಕೂತರು. ಉಪದೇಶದಿಂದ ಶುರುಮಾಡಿ ತಮ್ಮ ಕಣ್ಣೀರಿನಲ್ಲಿ ಮುಗಿಸಿದರು. ಕ್ಷೌರಿಕನೂ ಬಂದ. ಫಕ್ಕೀರವ್ವ ಚಹಾ ಕೊಡುವ ನೆಪದಲ್ಲಿ ಬಂದು ಮುಕ್ಕಾಲು ಗಂಟೆ ಕೂತಳು. ನಾಗರತ್ನಾ ಮೇಡಂ ಬರುವ ಹೊತ್ತಿಗೆ ಹದಿನಾಲ್ಕು ಹೆಸರಾಗಿದ್ದವು.

ಮೇಡಂ ಎರಡು ಸಲ ಎಣಿಸಿ, ಇದು ಹೇಗಾಯಿತೆಂದು ಕೇಳಿದರು. ಇನ್ನು ಮುಚ್ಚಿಡಲು ಉಳಿದಿದ್ದಾದರೂ ಏನು? ಬಸವೇಶ ಖಾರಾದಿಂದ ಹಿಡಿದು ಖಿನ್ನತೆಯವರೆಗೆ ಎಲ್ಲ ಹೇಳಿ, ರಾಜೀನಾಮೆ ಬರೆಯಲು ಹಾಳೆ ಎಳೆದುಕೊಂಡ. ಮೇಡಂ ಆ ಹಾಳೆ ತಾವೇ ತೆಗೆದುಕೊಂಡು ಊರುಗಳ ಹೆಸರು ಬರೆಯತೊಡಗಿದರು.

“ಹಾನಗಲ್ಲ, ಸವಣೂರು, ಹಿರೇಕೆರೂರು. ಮೂರೂ ಕಡೆ ಸಭಾ ಇಡೋಣ್ರಿ. ಸ್ಟೇಜ್ ಮ್ಯಾಲೆ ಮೈಕ್ ಹಿಡ್ದು ಮೊದಲ ನಿಮ್ಮದನ್ನ ಹೇಳ್ರಿ.”

ಒಂದು ಊರಿಗೆ ಗೊತ್ತಾಗಬಾರದೆಂದು ಒದ್ದಾಡಿದ್ದನ್ನು ಈಗ ಮೂರು ತಾಲೂಕಿಗೆ ತಾನೇ ಸಾರಬೇಕು. ಆದರೂ ಮನೆಗೆ ಹೋಗುವಾಗ ಎದೆ ಹಗುರವಾಗಿತ್ತು. ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಿಂತು, ಸಣ್ಣ ದನಿಯಲ್ಲಿ ಅಭ್ಯಾಸ ಮಾಡಿದ: ನಾನು ಬಸವೇಶ, ನನಗೆ ಖಿನ್ನತೆಯಿದೆ, ಗುಳಿಗೆ ತೆಗೆದುಕೊಳ್ಳುತ್ತೇನೆ.

ಗೋಡೆಯಾಚೆಯಿಂದ ಶಿದ್ಲಿಂಗಪ್ಪನ ದನಿ ಬಂತು.

“ಅದು ನಮಗ ಗೊತ್ತೈತ್ರಿ. ಇನ್ನೊಂಚೂರು ಗಟ್ಟಿಯಾಗಿ ಹೇಳ್ರಿ, ಹಿರೇಕೆರೂರಾಗ ಹಿಂದ ಕುಂತಾವ್ರಿಗೆ ಕೇಳಂಗಿಲ್ಲ.”